ಹತ್ತು ಚೀಲ ಜೋಳ ಹೊಳೆ ದಾಟಿತು

ಮೇಲ್ದಂಡೆ ಊರು,
ಸರದಿ ನಾಲ್ಕು ಸಾವಿರದ ನೂರ ಹನ್ನೆರಡು, ಮಧ್ಯಾಹ್ನ.

ತನುಜಾ,

ನಿನ್ನನ್ನು ಮುತ್ತಜ್ಜಿ ಎನ್ನಬೇಕೋ ಮಗಳೇ ಎನ್ನಬೇಕೋ ನನಗೆ ತಿಳಿಯದು. ನೀನು ತೀರಿಕೊಂಡು ಎಷ್ಟೋ ತಲೆಮಾರುಗಳಾದವು. ಆದರೆ ನಾನು ದಿನವೂ ವಿಡಿಯೊದಲ್ಲಿ ನೋಡುವ ನಿನಗೆ ಇಪ್ಪತ್ತನಾಲ್ಕು, ನಿಮ್ಮ ಲೆಕ್ಕದಲ್ಲಿ ನನಗೆ ಅರವತ್ತು ದಾಟಿದೆ. ಅದಕ್ಕೇ ಏಕವಚನದಲ್ಲಿ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ಮೇಲಿನ ತಾರೀಖು ನಿನಗೆ ವಿಚಿತ್ರವಾಗಿ ಕಂಡೀತು. ನಮ್ಮಲ್ಲಿ ತಿಂಗಳು, ವರ್ಷ ಎಣಿಸುವುದು ಯಾವತ್ತೋ ನಿಂತುಹೋಗಿದೆ. ಹೊಳೆಯ ಈಚೆಗಿರುವ ನಾವು ಒಂದು ನಡೆ ನಡೆಸಿ, ಆಚೆಯ ಕೆಳದಂಡೆಯವರು ಒಂದು ನಡೆ ನಡೆಸಿದರೆ ಅದೇ ಒಂದು ಸರದಿ. ಕಂಪ್ಯೂಟರಿನಲ್ಲಿ ನೀನು ಆಡುತ್ತಿದ್ದ ರಾಜ್ಯ ಕಟ್ಟುವ ಆಟದಲ್ಲಿ ಇದ್ದ ಹಾಗೆಯೇ.

ನನ್ನ ಹೆಸರು ಕೆಂಚಮ್ಮ. ಈ ಊರಿನ ಹಳೆಯ ದಾಖಲೆಗಳನ್ನು ಕಾಯುವುದು ನನ್ನ ಕೆಲಸ. ಎರಡೂ ಊರಿನವರು ನೀರಿಗಾಗಿ ಬಡಿದಾಡಿ ಸುಸ್ತಾದ ಮೇಲೆ, ನಮ್ಮ ಹಿರಿಯರು ಮಾತುಕತೆಯ ಹೊಣೆಯನ್ನೆಲ್ಲ ಸಂಧಿಪೆಟ್ಟಿಗೆ ಎಂಬ ಯಂತ್ರಕ್ಕೆ ಒಪ್ಪಿಸಿದರು. ಸ್ನೇಹ ಮಾಡುವುದು, ಮುರಿಯುವುದು, ಆಚೆ ದಡಕ್ಕೆ ಬೆಂಕಿ ಸುರಿಸುವುದು, ಎಲ್ಲ ಅದರ ತೀರ್ಮಾನವೇ. ಅದಕ್ಕೆ ಪಾಠ ಹೇಳಿಕೊಡಲು ಅವರಿಗೆ ಸಿಕ್ಕಿದ್ದು ಒಂದೇ ಒಂದು ಸಾಮಗ್ರಿ: ಚಿತ್ರದುರ್ಗದ ಬಾಡಿಗೆ ಕೋಣೆಯಲ್ಲಿ ಕೂತು, ಜನರಿಗೆ ತೋರಿಸುತ್ತಾ ನೀನು ಆಡಿದ ಮುನ್ನೂರ ಹನ್ನೆರಡು ಆಟಗಳ ವಿಡಿಯೊ. ಇಷ್ಟು ಸಲ ಸಂಧಿ ಮಾಡಿಕೊಂಡವಳು ಶಾಂತಿಯನ್ನು ಬಯಸಿದವಳೇ ಇರಬೇಕು ಅಂದುಕೊಂಡರು. ಪುಣ್ಯಾತ್ಮರು ಒಂದು ಆಟವನ್ನೂ ಕೊನೆಯವರೆಗೆ ನೋಡಲಿಲ್ಲ.

ನಾನು ನೋಡಿದ್ದೇನೆ. ನಿನ್ನ ಸಂಕಟ ನನಗೆ ಗೊತ್ತು. ಮೊದಮೊದಲು ನೀನು ಎಷ್ಟು ನಿಯತ್ತಾಗಿ ಆಡುತ್ತಿದ್ದೆ! ಕಂಪ್ಯೂಟರಿನ ದೊರೆಗಳು ಕೇಳಿದ್ದೆಲ್ಲ ಕೊಟ್ಟೆ, ಅವರ ಯುದ್ಧಗಳಿಗೆ ನಿನ್ನ ಸೈನ್ಯ ಕಳಿಸಿದೆ. ನಿನಗೆ ನೆರವು ಬೇಕಾದಾಗ ಒಬ್ಬನೂ ಜಾಗ ಬಿಟ್ಟು ಕದಲಲಿಲ್ಲ. “ಯುದ್ಧಕ್ಕೆ ಕರೆದ್ರೆ ಗಡೀಲಿ ಕೂತು ಕಡ್ಲೆಕಾಯಿ ತಿಂತಾನೆ ನೋಡ್ರಪ್ಪಾ ಈ ದೊರೆ! ನನ್ನ ಜಾಗದಲ್ಲಿ ನಾನು ಸೈನಿಕರನ್ನ ನಿಲ್ಲಿಸಿದ್ರೂ ಇವನಿಗೆ ಮುನಿಸು. ನೂರು ಸರದಿ ಗೆಳೆತನ ಮಾಡಿ ಈಗ ಕಾರಣಾನೇ ಇಲ್ದೆ ಮೇಲೆ ಬಿದ್ದವ್ನೆ, ಇವನ ಮನೆ ಹಾಳಾಗ!” ಎಂದು ನೀನು ಕೂಗಾಡಿದ್ದನ್ನು ಕೇಳಿ ನಾನೂ ಬಿದ್ದು ಬಿದ್ದು ನಕ್ಕಿದ್ದೇನೆ.

ನಲವತ್ತನೆಯ ಆಟದಿಂದ ನೀನು ಬದಲಾದೆ. ಅವರು ಮುರಿಯುವ ಮೊದಲು ನೀನೇ ಮುರಿಯತೊಡಗಿದೆ. ಸಂಧಿ ಮುಗಿಯುವ ಕೊನೆಯ ಸರದಿಯಲ್ಲಿ ನೆರೆಯ ದೊರೆಗೆ ಹತ್ತು ಚೀಲ ಧಾನ್ಯ ಉಡುಗೊರೆ ಕಳಿಸುತ್ತಿದ್ದೆ. ಪರದೆಯ ಮೇಲೆ ಅವನ ಮುಖ ಅರಳುತ್ತಿತ್ತು, ಗಡಿಯ ಕಾವಲು ಹಿಂದೆ ಸರಿಯುತ್ತಿತ್ತು. ಆಗ ನೀನು “ಬೇಜಾರು ಮಾಡ್ಕೋಬೇಡಪ್ಪಾ” ಅಂದು ದಾಳಿಯ ಗುಂಡಿ ಒತ್ತುತ್ತಿದ್ದೆ. ಇನ್ನೂರ ಎಪ್ಪತ್ತೊಂದು ಸಲ ಹೀಗೆಯೇ ಗೆದ್ದೆ.

ಇವತ್ತು ಬೆಳಿಗ್ಗೆ ನಮ್ಮ ಪೆಟ್ಟಿಗೆ ಕೆಳದಂಡೆಗೆ ಹತ್ತು ಚೀಲ ಜೋಳ ಕಳಿಸಿತು.

ಊರಿನವರಿಗೆಲ್ಲ ಖುಷಿಯೋ ಖುಷಿ. ನಾನು ಮಾತ್ರ ಎಣಿಸಿ ನೋಡಿದೆ: ಈ ಸಂಧಿಗೆ ಇದೇ ಕೊನೆಯ ಸರದಿ. ಸಂಧಿ ಇರುವಷ್ಟು ಕಾಲ ಪ್ರತಿ ಊರು ತನ್ನದೊಂದು ಮಗುವನ್ನು ಎದುರೂರಿನಲ್ಲಿ ಬಿಡಬೇಕು. ಅದಕ್ಕೆ ಒತ್ತೆಮಗು ಅನ್ನುತ್ತೇವೆ. ಈ ಸಲದ ಒತ್ತೆಮಗು ನನ್ನ ಮೊಮ್ಮಗಳು ನೀಲಾಂಬೆ. ಈಗಷ್ಟೇ ಆಚೆ ದಡದ ಅಂಚಿಗೆ ಓಡಿಬಂದು “ಅಜ್ಜೀ, ಜೋಳ ಬಂತು! ಸಂಜೆಗೆ ರೊಟ್ಟಿ!” ಎಂದು ಕೂಗಿದಳು. ನಾನು ಕೈ ಬೀಸಿದೆ. ಅಷ್ಟೇ ನನ್ನಿಂದಾಗುವುದು. ಸಂಧಿಯ ವಿಷಯ ಮನುಷ್ಯರ ಬಾಯಿಂದ ಹೊಳೆ ದಾಟಿದರೆ ಪೆಟ್ಟಿಗೆ ಅದನ್ನೇ ದ್ರೋಹವೆಂದು ಎಣಿಸಿ ತಕ್ಷಣ ಬೆಂಕಿ ಸುರಿಸುತ್ತದೆ. ಅವಳ ಹಿಂದೆ ಕೆಳದಂಡೆಯ ಕಾವಲುಗಾರರು ಚಾವಡಿಯಿಂದ ಎದ್ದು ಮನೆಗಳ ಕಡೆ ಹೊರಟಿದ್ದರು. ಇತ್ತ ನನ್ನ ಬೆನ್ನ ಹಿಂದೆ ಪೆಟ್ಟಿಗೆ ಒಂದೇ ಮಾತನ್ನು ಮೆಲ್ಲಗೆ ಅಭ್ಯಾಸ ಮಾಡುತ್ತಿದೆ, ನಿನ್ನದೇ ದನಿಯಲ್ಲಿ. ಬೇಜಾರು ಮಾಡ್ಕೋಬೇಡಪ್ಪಾ. ಬೇಜಾರು ಮಾಡ್ಕೋಬೇಡಪ್ಪಾ.

ಪೆಟ್ಟಿಗೆ ಎಲ್ಲಕ್ಕಿಂತ ಹೆಚ್ಚು ನಂಬುವುದು ನಿನ್ನ ಕೊನೆಯ ಆಟವನ್ನು. ಅದು ಕಲಿತದ್ದು ಪೂರ್ತಿ ಆಟವನ್ನು; ಆಮೇಲೆ ಆ ವಿಡಿಯೊದ ಬಾಲ ಹಾಳಾಗಿದೆ, ಅಂತ್ಯ ಏನಾಯಿತೆಂದು ನನಗೆ ಗೊತ್ತಿಲ್ಲ. ಧಾನ್ಯ ಕಳಿಸಿ ಆಗಿದೆ, ದೊರೆ ನಗುತ್ತಿದ್ದಾನೆ, ನಿನ್ನ ಬೆರಳು ಗುಂಡಿಯ ಮೇಲಿದೆ. ಅಷ್ಟರಲ್ಲಿ, ನೋಡುಗರು ಬರೆಯುವ ಸಾಲುಗಳ ನಡುವೆ ಬಹಳ ಉದ್ದದ ಬರಹವೊಂದು ಬರುತ್ತದೆ. “ಯಾರೋ ಅಜ್ಜಿ ಏನೋ ಬರೆದವ್ರೆ” ಎಂದು ನೀನು ನಗುತ್ತೀಯ. ಓದುತ್ತಾ ಹೋದಂತೆ ನಿನ್ನ ನಗು ಆರುತ್ತದೆ. ಅಲ್ಲಿಗೆ ಚಿತ್ರ ಕತ್ತಲಾಗುತ್ತದೆ.

ನೂರಾರು ಸಲ ಅದನ್ನು ನೋಡಿದ್ದೇನೆ. ಆ ಬರಹ ಯಾರದೆಂದು ಇವತ್ತಿನವರೆಗೆ ಹೊಳೆದಿರಲಿಲ್ಲ. ಹೇಗೆ ನಿನ್ನನ್ನು ತಲುಪುತ್ತದೋ ತಿಳಿಯದು, ಆದರೆ ಅದು ಇದೇ ಕಾಗದ.

ಈಗ ನೀನು ಓದಿ ಮುಗಿಸುತ್ತಿದ್ದೀಯ. ಅಲ್ಲಿ ನೀನು ಒತ್ತದಿದ್ದರೆ ಇಲ್ಲಿ ಪೆಟ್ಟಿಗೆಯೂ ಬೆಂಕಿ ಸುರಿಸದು. ಸೋತರೂ ಪರವಾಗಿಲ್ಲ, ಒಂದೇ ಒಂದು ಆಟ. ಗುಂಡಿಯಿಂದ ಕೈ ತೆಗಿ, ನನ್ನವ್ವಾ.

ಕೆಂಚಮ್ಮ