ಒಂಟಿ ಸೀನು

೧೬ ನವೆಂಬರ್ ೧೯೪೪, ಗುರುವಾರ. ಯಲಿಯೂರು.

ತಂಗಿಯನ್ನು ಇವತ್ತು ಮಂಡ್ಯದ ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ಬರಿಗೈಯಲ್ಲಿ ಬಂದಳು.

ಸೋಮವಾರ ಬೆಳಿಗ್ಗೆ ಹೆರಿಗೆ ನೋವು ಬಿಗಿದು, ಸೂಲಗಿತ್ತಿ ತನ್ನ ಕೈಲಾಗದು ಎಂದಳು. ರೈಲು ಬರುವ ಹೊತ್ತಾಗಿತ್ತು. ತಂಗಿಯನ್ನು ಎತ್ತಿಕೊಂಡು ಹೊಸ್ತಿಲು ದಾಟುವಾಗ ಎದುರುಮನೆಯ ಜಗಲಿಯಲ್ಲಿ ಬೋರಯ್ಯ ಸೀನಿದ, ಒಂದೇ ಒಂದು ಸಲ.

“ಒಂಟಿ ಸೀನು ಕಣ್ಲಾ ಮಗ, ವಸಿ ಕುಂತು ನೀರ್ ಕುಡ್ದು ಓಗಾನ” ಎಂದಳು ಅವ್ವ.

ಹೋದ ವಾರವಷ್ಟೇ ಶಾಲೆಯಲ್ಲಿ, ಯುದ್ಧಕ್ಕೆ ಹೊರಟ ರಾಜನಿಗೆ ಕಂಡ ಅಪಶಕುನಗಳ ಪದ್ಯ ಓದಿಸಿ, ಇದೆಲ್ಲ ಕವಿಯ ಜಾಣ್ಮೆ ಎಂದು ಮಕ್ಕಳನ್ನು ನಗಿಸಿದ್ದೆ. ಸೋಮವಾರ ನಗು ಬರಲಿಲ್ಲ. ನಾನೇ ಅವಳನ್ನು ಇಳಿಸಿ ಕೂರಿಸಿದೆ, ನಾನೇ ನೀರು ಕೊಟ್ಟೆ. ನಿಲ್ದಾಣ ಮುಟ್ಟುವಷ್ಟರಲ್ಲಿ ರೈಲು ಹೊರಟುಹೋಗಿತ್ತು. ಗಾಡಿ ಕಟ್ಟಿ ಮಂಡ್ಯ ಸೇರಿದಾಗ ಮಧ್ಯಾಹ್ನ. ಗಂಡುಮಗು, ಉಸಿರಿಲ್ಲದೆ ಹುಟ್ಟಿತು.

“ಸೀನು ಮೊದ್ಲೇ ಯೋಳ್ಬುಡ್ತು” ಎಂದು ಅವ್ವ ಬಂದವರಿಗೆಲ್ಲ ಹೇಳುತ್ತಿದ್ದಾಳೆ. ಅದನ್ನು ಹೇಳುವಾಗ ಅವಳ ಅಳು ಸ್ವಲ್ಪ ತಗ್ಗುತ್ತದೆ. ಕೂರದೆ ಹೋಗಿದ್ದರೆ ರೈಲು ಸಿಗುತ್ತಿತ್ತು ಎಂದು ಅವಳಿಗೆ ಹೇಗೆ ಹೇಳಲಿ? ರೈಲು ಸಿಕ್ಕಿದ್ದರೆ ಮಗು ಉಳಿಯುತ್ತಿತ್ತೋ ಇಲ್ಲವೋ, ಅದೂ ಗೊತ್ತಿಲ್ಲ.

ಸಂಜೆ ತಂಗಿ ಗೋಡೆ ಕಡೆ ತಿರುಗಿ ಮಲಗಿಕೊಂಡೇ ಕೇಳಿದಳು: “ಅಣ್ಣ, ನಂಗೆ ಗ್ಯಾನ ಇರ್ನಿಲ್ಲ. ಮಗ ಒಂದ್ ಕಿತನಾದ್ರೂ ಅತ್ತಿತಾ?”

“ಊಂ ಕಣವ್ವ, ಅತ್ತಿತು” ಎಂದೆ.

ಹೇಗೆ ಅತ್ತಿತು ಎಂದು ನಾಳೆ ಕೇಳುತ್ತಾಳೆ. ಕೇಳಿದರೆ ನಾನು ಅದನ್ನೂ ಕಟ್ಟಿ ಹೇಳಬೇಕು.