ಲೆಕ್ಕ ಹಾಕುವಾಗಲೂ ಬೀಗ ಇರಲಿ

ರೋಗಿಗಳ ಅಂಕಿಅಂಶ ಕಚೇರಿಯ ಮುಖ್ಯಸ್ಥರಿಗೆ,

ಮಾನ್ಯರೇ,

ನಿಮ್ಮ ಕಚೇರಿಯಲ್ಲಿ ಕುಳಿತು ನಾನು ನನ್ನ ನೆರೆಮನೆಯವಳ ಕಾಯಿಲೆಯನ್ನು ಓದಿದೆ. ಕದ್ದು ಓದಲಿಲ್ಲ, ನೀವು ಕೊಟ್ಟ ಕೆಲಸ ಮಾಡುತ್ತಲೇ ಓದಿದೆ. ನನ್ನ ದೂರು ಅದೇ.

ತಾರ್ತು ನಗರದ ನಮ್ಮ ಯಂತ್ರಗಳ ಬಗ್ಗೆ ನೀವು ಭಾಷಣಗಳಲ್ಲಿ ಎದೆಯುಬ್ಬಿಸಿ ಹೇಳುವುದೆಲ್ಲ ನಿಜ. ಮಾಹಿತಿ ಸಂಗ್ರಹದಲ್ಲಿರುವಾಗ ಗೂಢಲಿಪಿಯಲ್ಲಿರುತ್ತದೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವಾಗಲೂ ಗೂಢಲಿಪಿಯಲ್ಲೇ. ಆದರೆ ಲೆಕ್ಕ ಹಾಕುವಾಗ? ಆಗ ಎಲ್ಲವನ್ನೂ ಬಿಚ್ಚಿ ಯಂತ್ರದ ಮೆಮೊರಿಯಲ್ಲಿ ಹರವುತ್ತೇವೆ. ಕೋಟೆ ಕಟ್ಟಿ ಸ್ನಾನದ ಮನೆಗೆ ಬಾಗಿಲಿಡದ ಹಾಗೆ. ಮಾರ್ಚಿನಲ್ಲಿ ಲೆಕ್ಕ ಅರ್ಧಕ್ಕೆ ನಿಂತಾಗ, ತಪ್ಪೆಲ್ಲಿದೆ ಎಂದು ಹುಡುಕಲು ಆ ಮೆಮೊರಿಯನ್ನು ತೆರೆದವಳು ನಾನು. ಮೊದಲು ಕಂಡದ್ದು ಸಿರ್ಯೆಯ ಹೆಸರು, ಪಕ್ಕದಲ್ಲಿ ಅವಳ ರೋಗ. ಸಿರ್ಯೆ ಅವಳ ನಿಜವಾದ ಹೆಸರಲ್ಲ. ರೋಗದ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ನಾನು ಮಾಡಿದಷ್ಟೇ ಸಾಕು.

ಬಾಯಿ ಬಿಡಲಿಲ್ಲ, ಸರಿ. ಕೈ ಸುಮ್ಮನಿರಬೇಕಲ್ಲ? ಪ್ರತಿ ವಸಂತದಂತೆ ಉಗಿಸ್ನಾನದ ಸೌನಾಕ್ಕೆ ಸೌದೆ ಒಡೆಯಲು ಇಬ್ಬರೂ ಅಂಗಳಕ್ಕಿಳಿದಾಗ ಅವಳ ಕೈಯಿಂದ ಕೊಡಲಿ ತೆಗೆದುಕೊಂಡೆ.

"ನೀನು ಕೂತ್ಕೋ, ನಾನು ಒಡೀತೀನಿ."

"ಹೋದ್ ವರ್ಷ ನಿನ್ನ ಪಾಲೂ ನಾನೇ ಒಡೆದಿದ್ದು, ಮರೆತ್ಯಾ ಮೈಗಳ್ಳಿ?" ಎಂದು ನಕ್ಕವಳು, ನನ್ನ ಮುಖ ನೋಡಿ ನಗು ನಿಲ್ಲಿಸಿದಳು. "ಯಾರ್ ಹೇಳಿದ್ರು ನಿಂಗೆ?"

"ಯಾರೂ ಏನೂ ಹೇಳಿಲ್ಲ."

ನಮ್ಮ ಎಸ್ಟೋನಿಯಾದವರು ಇಂಥ ಹೊತ್ತಿನಲ್ಲಿ ಮಾಡುವುದನ್ನೇ ಅವಳೂ ಮಾಡಿದಳು: ತನ್ನ ಆರೋಗ್ಯ ದಾಖಲೆಯನ್ನು ಯಾರ್ಯಾರು ತೆರೆದಿದ್ದಾರೆಂದು ಸರ್ಕಾರಿ ಜಾಲತಾಣದ ಪಟ್ಟಿಯಲ್ಲಿ ನೋಡಿದಳು. ಅಲ್ಲಿ ವೈದ್ಯೆಯ ಹೆಸರು ಬಿಟ್ಟರೆ ಇನ್ನೊಂದಿಲ್ಲ. ಇರುವುದಾದರೂ ಹೇಗೆ? ನಾನು ತೆರೆದದ್ದು ದಾಖಲೆಯನ್ನಲ್ಲ, ಲೆಕ್ಕದ ಯಂತ್ರದ ಹೊಟ್ಟೆಯನ್ನು. ಆದರೆ ಆ ಪಟ್ಟಿ ಸುಳ್ಳು ಹೇಳುವುದಿಲ್ಲ ಎಂದು ನಂಬಿಯೇ ಬದುಕುವ ಜನ ನಾವು. ವೈದ್ಯೆಯನ್ನು ಬಿಟ್ಟರೆ ವಿಷಯ ಗೊತ್ತಿದ್ದವಳು ಅವಳ ತಂಗಿ ಮಾಲ್ಲೆ ಒಬ್ಬಳೇ.

"ಅವಳೇ ಕಣೆ ಹೇಳ್ಕೊಂಡು ತಿರುಗ್ತಿರೋದು. ಅವಳ ಹೊಟ್ಟೇಲಿ ಒಂದ್ ಮಾತೂ ನಿಲ್ಲಲ್ಲ," ಎಂದು ಸಿರ್ಯೆ ನನ್ನೆದುರೇ ಅತ್ತಳು. ನಾನು ಕಾಫಿ ಬಗ್ಗಿಸಿ ಕೊಟ್ಟೆ. ಜೂನಿನ ಯಾನಿ ಹಬ್ಬದ ರಾತ್ರಿ ಮನೆಮಂದಿಯೆಲ್ಲ ಸುತ್ತ ಕೂರುವ ಬೆಂಕಿಗೆ ಮಾಲ್ಲೆಗೆ ಕರೆ ಹೋಗಲಿಲ್ಲ. ಅವಳು ಕೂರಬೇಕಿದ್ದ ಜಾಗದಲ್ಲಿ ನಾನು ಕೂತಿದ್ದೆ. ನೆನೆದರೆ ಇಂದಿಗೂ ಮೈಯೆಲ್ಲ ನಾಚಿಕೆ.

ಗೂಢಲಿಪಿ ಬಿಚ್ಚದೆಯೇ ಲೆಕ್ಕ ಹಾಕುವ ವಿಧಾನ ಇಲ್ಲವೇ? ಇದೆ. ಅದನ್ನು ಅರೆದು ಕುಡಿದವರು ಈ ಊರಿನಲ್ಲೇ ಇದ್ದಾರೆ. "ಅದು ನಿಧಾನ" ಎಂದು ತಾವು ಕಚೇರಿಯ ಸಭೆಯಲ್ಲಿ ಅಪ್ಪಣೆ ಕೊಡಿಸಿದಿರಿ. ವರದಿ ನಾಲ್ಕು ದಿನ ತಡವಾಗಿದ್ದರೆ ಯಾರ ಗಂಟು ಹೋಗುತ್ತಿತ್ತು? ಆ ಸಭೆಯಲ್ಲಿ ನಾನೂ ತಲೆಯಾಡಿಸಿದ್ದೆ, ಒಪ್ಪುತ್ತೇನೆ. ಸಿಬ್ಬಂದಿ ಒಳ್ಳೆಯವರು ಎಂದು ನಂಬಿ ಯಂತ್ರ ನಡೆಸಬೇಡಿ, ನಾನೂ ಒಳ್ಳೆಯವಳೇ. ಬಿಚ್ಚಿದ ಮಾಹಿತಿಯ ಮೇಲೆ ಇನ್ನೊಂದು ಲೆಕ್ಕವನ್ನೂ ನಡೆಸಕೂಡದು. ಇದು ನನ್ನ ಬೇಡಿಕೆ.

ನಿನ್ನೆ ಸಿರ್ಯೆಗೆ ಎಲ್ಲವನ್ನೂ ಹೇಳಿದೆ. ಬೈಯಲಿಲ್ಲ. ಮಾಲ್ಲೆಗೆ ಫೋನ್ ಮಾಡಲು ಎದ್ದವಳು ಬಾಗಿಲಲ್ಲಿ ನಿಂತು ಕೇಳಿದಳು: "ನಿನ್ನ ಬಿಟ್ಟು ಇನ್ನೂ ಯಾರ್ಯಾರು ನೋಡಿದಾರೆ?"

ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಅದನ್ನು ಆ ಲೆಕ್ಕದಲ್ಲಿದ್ದ ಎಲ್ಲರಿಗೂ ನೀವೇ ಹೇಳಿ, ಅವಳಿಗೂ ಮುಟ್ಟುತ್ತದೆ.

ಇಂತಿ,
ಹೆಸರು ಹಾಕಿದರೆ ಅವಳ ಮನೆಯೂ ತಿಳಿದುಬಿಡುವುದರಿಂದ ಹೆಸರು ಹಾಕದ,
ನಿಮ್ಮ ನಂಬಿಕಸ್ಥ ಉದ್ಯೋಗಿ