ಏಳನೆಯ ದಿನದ ರಕ್ತ

ಸಾ ದೆಕ್
ಮಾರ್ಚ್ ೧೪, ೨೦೨೩

ಪ್ರೀತಿಯ ತಮ್ಮ ಖಾಂಗ್,

ಕೈಯ ಗಾಯ ಮಾಯಿತೇ? ಬಲೆ ಎಳೆಯುವಾಗ ಕೈಗವಸು ಹಾಕಿಕೋ. ಹಡಗು ಬಂದರು ಮುಟ್ಟಿದಾಗ ಏಜೆಂಟರು ಈ ಪತ್ರ ಕೊಡುತ್ತಾರಂತೆ. ಕೂತುಕೊಂಡು ಓದು. ಅಪ್ಪ ತೀರಿಕೊಂಡು ಇವತ್ತಿಗೆ ಒಂಬತ್ತು ದಿನ.

ಅಕ್ಕಿ ಹಿಟ್ಟಿನ ಚೀಲ ಎತ್ತುತ್ತಿದ್ದವರು ಹಾಗೇ ಕುಸಿದರು. ಮಿದುಳಿನಲ್ಲಿ ರಕ್ತನಾಳ ಒಡೆದಿದೆ ಎಂದು ಆಸ್ಪತ್ರೆಯಲ್ಲಿ ಉಸಿರಾಟಕ್ಕೆ ಕೊಳವೆ ಹಾಕಿದರು. ಮೂರನೆಯ ದಿನ ಡಾಕ್ಟರಮ್ಮ ತೋಳಿನಿಂದ ರಕ್ತ ತೆಗೆದಾಗ ಅಮ್ಮ ಜಗಳಕ್ಕೇ ನಿಂತಳು. "ತಲೇಲಿ ಸೋರಿದ್ದು ಸಾಲ್ದೂಂತ ತೋಳಿಂದಲೂ ಹೀರ್ತೀರೇನಮ್ಮ? ಸೊಳ್ಳೆಯಾದ್ರೆ ಹೊಡೆದಾದ್ರೂ ಓಡಿಸ್ಬೋದು!" ಪಾಪ, ಅವರು ಸಿಟ್ಟಾಗಲಿಲ್ಲ. ಮಿದುಳಿನ ನರ ಸತ್ತರೆ ಅದರ ಚೂರು ರಕ್ತದಲ್ಲಿ ತೇಲುತ್ತದಂತೆ. ಅದನ್ನು ಅಳೆದರೆ ಮನುಷ್ಯ ಏಳುತ್ತಾನೋ ಇಲ್ಲವೋ ಅಂದಾಜು ಸಿಗುತ್ತದಂತೆ. ಅಪ್ಪನದು ಬಹಳ ಹೆಚ್ಚಿತ್ತು. ಇಂಥ ಹತ್ತು ಜನರಲ್ಲಿ ಎಂಟು ಮಂದಿ ಏಳುವುದಿಲ್ಲ ಎಂದರು. "ನಮ್ಮವರು ಎಂಟರಲ್ಲೋ ಎರಡರಲ್ಲೋ, ಅದನ್ನ ಹೇಳು ತಾಯಿ" ಎಂದಳು ಅಮ್ಮ. "ರಕ್ತ ಅಷ್ಟೆಲ್ಲ ಹೇಳಲ್ಲಮ್ಮ. ಏಳನೇ ದಿನ ಇನ್ನೊಂದ್ಸಲ ನೋಡೋಣ. ಇಳಿದಿದ್ರೆ ಆಸೆ ಇಟ್ಕೋಬೋದು" ಎಂದರು ಡಾಕ್ಟರಮ್ಮ.

ಆದರೆ ಕಾಯುತ್ತಾ ಕೂತು ಆಸ್ಪತ್ರೆಯಲ್ಲೇ ಉಸಿರು ನಿಂತರೆ? ಹೊರಗೆ ಸತ್ತವರನ್ನು ಮನೆಯೊಳಗೆ ತರುವಂತಿಲ್ಲ, ತೀರಿಹೋದ ಹಿರಿಯರನ್ನು ಪೂಜಿಸುವ ಪೀಠದ ಮುಂದೆ ಮಲಗಿಸುವಂತಿಲ್ಲ. ದೊಡ್ಡಪ್ಪ ವಾರ್ಡಿನ ಬಾಗಿಲಲ್ಲೇ ಗದರಿದರು: "ನಿಮ್ಮಪ್ಪನ್ನ ಅಂಗಳದಲ್ಲಿ ಮಲಗಿಸ್ತೀಯೇನೇ, ಬೀದಿ ಹೆಣದ ಹಾಗೆ?" ಅಮ್ಮ ಗೋಡೆಗೆ ಒರಗಿ ಒಂದೇ ಮಾತು ಹಿಡಿದಳು: "ಮಗ ಹೂಂ ಅನ್ನಲಿ. ಅವನು ಹೇಳಿದ ಹಾಗೆ."

ಐದನೆಯ ದಿನ ಬೆಳಿಗ್ಗೆ ಕರೆತಂದೆವು. ದಾರಿಯುದ್ದಕ್ಕೂ ಕೊಳವೆಗೆ ಸಿಕ್ಕಿಸಿದ ಗಾಳಿಚೀಲವನ್ನು ನಾನೇ ಒತ್ತಿದೆ. ಪೀಠದ ಮುಂದೆ ಮಲಗಿಸಿದ ಮೇಲೆ ಜೊತೆಗೆ ಬಂದ ನರ್ಸ್ ಕೊಳವೆ ತೆಗೆದರು. ಹೆಚ್ಚೆಂದರೆ ಐದು ನಿಮಿಷ ಅಂದಿದ್ದರು. ಅಪ್ಪ ಒಂದೂವರೆ ದಿನ ತಾವೇ ಉಸಿರಾಡಿದರು, ಖಾಂಗ್. ಅಮ್ಮ ಒದ್ದೆ ಬಟ್ಟೆಯಿಂದ ತುಟಿ ಒರೆಸುತ್ತಾ "ನೋಡೇ, ಮನೆ ಅಂತ ಗೊತ್ತಾಗಿದೆ ಅವರಿಗೆ" ಎನ್ನುತ್ತಿದ್ದಳು. ನಾನು ಆ ಕಡೆ ನೋಡಲಾರದೆ ಹಿತ್ತಲಿಗೂ ಒಳಕ್ಕೂ ಓಡಾಡಿದೆ. ಆರನೆಯ ದಿನ ಸಂಜೆ ಉಸಿರು ನಿಂತಿತು.

ಅಮ್ಮ ಈಗ ಒಂದೆರಡು ತುತ್ತು ಉಣ್ಣುತ್ತಾಳೆ. ದೊಡ್ಡಪ್ಪನ ಆಶೀರ್ವಾದ. ನಲವತ್ತೊಂಬತ್ತನೆಯ ದಿನದ ಪೂಜೆಗೆ ಬರಲಾಗದಿದ್ದರೆ ಅಲ್ಲೇ ಒಂದು ಊದುಬತ್ತಿ ಹಚ್ಚು. ಹುಷಾರಾಗಿರು.

ನಿನ್ನ ಅಕ್ಕ,
ಥೂಯ್

ಮರೆತ ಮಾತು: ಓದಿ ಹರಿದುಬಿಡು. ದೊಡ್ಡಪ್ಪ ಗದರಿದ ದಿನ ನಿಮ್ಮ ಹಡಗಿನ ಕಪ್ತಾನನ ಫೋನಿಗೆ ಎಷ್ಟು ಸಲ ಮಾಡಿದರೂ ಸಿಗಲಿಲ್ಲ. ಆದರೂ ನೀನು ಸಿಕ್ಕೆ, "ಮನೆಗೆ ಕರ್ಕೊಂಡು ಹೋಗಿ" ಅಂದೆ ಅಂತ ಅಮ್ಮನಿಗೆ ಹೇಳಿದೆ. ಎಲ್ಲರೂ ಅದನ್ನೇ ನಂಬಿದ್ದಾರೆ. ನೀನು ಬಂದರಿನಿಂದ ಮಾತಾಡಿದಾಗ ಅಮ್ಮ ಮೊದಲು ಅದನ್ನೇ ಕೇಳುತ್ತಾಳೆ. ಹೌದು ಅನ್ನು. ಅನ್ನಲಾರೆ ಎನಿಸಿದರೆ ಅಮ್ಮನಿಗೆ ಹೇಳುವ ಮೊದಲು ನನಗೆ ಹೇಳು.